ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ

ಸೀಟಿ ಕೊರಳಿಗೆ ಬಿದ್ದರೆ ಸಾಕು, ಕರಿಬಸಪ್ಪ ಮಾಸ್ತರನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಎಪ್ಪತ್ತಾರು ತುಂಬಿದ ಬೆನ್ನು ಅದು. ಮನೆಯಲ್ಲಿ ನೆಲಕ್ಕೆ ಬಿದ್ದ ಪೇಪರು ಎತ್ತಿಕೊಡಿ ಎಂದರೆ ಆಗುವುದಿಲ್ಲ ಎನ್ನುವ ಬೆನ್ನು, ಸೀಟಿ ಕಂಡರೆ ಮಾತ್ರ ಹುಡುಗನ ಬೆನ್ನಾಗುತ್ತಿತ್ತು. ಕುಕನೂರಿನಿಂದ ಎಂಟು ಕಿಲೋಮೀಟರು ಒಳಗಿರುವ ಬನ್ನಿಬಾವಿಯ ಶಾಲೆಯಲ್ಲಿ ಅವನು ಮೂವತ್ತನಾಲ್ಕು ವರ್ಷ ಡ್ರಿಲ್ ಮಾಸ್ತರನಾಗಿದ್ದ. ನಿವೃತ್ತನಾಗಿ ಹದಿನೆಂಟು ವರ್ಷವಾದರೂ ಆ ಸೀಟಿಯನ್ನು ಪೆಟ್ಟಿಗೆಯಲ್ಲಿ ಅರಿವೆ ಸುತ್ತಿ ಇಟ್ಟಿದ್ದ. ಹೆಂಡತಿ ವಿರೂಪಾಕ್ಷಮ್ಮ ವರ್ಷಕ್ಕೊಮ್ಮೆ ಪೆಟ್ಟಿಗೆ ಝಾಡಿಸುವಾಗ, "ಇದನ್ನ ಯಾರಿಗೆ ಊದಾಕ ಇಟ್ಟೀರಿ, ನನಗೇನು?" ಎಂದು ಕೇಳುತ್ತಿದ್ದಳು.

ಊದುವ ಕಾಲ ಮತ್ತೆ ಬಂತು. ಕೊಪ್ಪಳದಿಂದ ಶಾಂಭವಿ ಎಂಬ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಊರಿಗೆ ಬಂದಳು. ಅರವತ್ತು ದಾಟಿದವರು ಮನೆಯಲ್ಲಿ, ಬೀದಿಯಲ್ಲಿ ಬಿದ್ದು ಎಲುಬು ಮುರಿದುಕೊಳ್ಳದ ಹಾಗೆ ಅವರಿಗೆ ವ್ಯಾಯಾಮ ಕಲಿಸುವುದು ಅವಳ ಕೆಲಸ. ಅವಳಿಗೆ ಸುತ್ತಲ ಹನ್ನೆರಡು ಊರು. ಪ್ರತಿ ಊರಲ್ಲೂ ದಿನಾ ಮಾಡಿಸಲು ಒಬ್ಬ ಮುಂದಾಳು ಬೇಕು. ಬನ್ನಿಬಾವಿಯಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳಿದರು. ಕರಿಬಸಪ್ಪ ಬೇಡ ಬೇಡ ಎನ್ನುತ್ತಲೇ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡ.

ಜಾಗ ಹಳೆ ಶಾಲೆಯ ಅಂಗಳ. ಹೊಸ ಶಾಲೆ ರಸ್ತೆಯ ಕಡೆಗೆ ಹೋಗಿ ಇಪ್ಪತ್ತು ವರ್ಷ. ಇಲ್ಲಿ ಉಳಿದದ್ದು ಎರಡು ಖೋಲಿ, ಒಂದು ಬೇವಿನ ಮರ, ಕಂಬ ಕಿತ್ತುಹೋದ ಬಾವುಟದ ಕಟ್ಟೆ. ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಏಳಕ್ಕೆ ಹದಿನಾಲ್ಕು ಜನ ಅಜ್ಜ ಅಜ್ಜಿಯರು ಅಲ್ಲಿ ಸೇರಿದರು. ಶಾಂಭವಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಡಿಸಿ, ಸುಣ್ಣದಲ್ಲಿ ನೆಲದ ಮೇಲೊಂದು ಗೆರೆ ಎಳೆದು, ಎಲ್ಲವನ್ನೂ ತಾನೇ ಮಾಡಿ ತೋರಿಸಿದಳು.

"ಕುರ್ಚಿ ಮ್ಯಾಲಿಂದ ಕೈ ಊರದ ಏಳೂದು, ಕೂಡೂದು. ಇದು ತೊಡಿಗೆ ಬಲ ಬರಾಕ. ಗೆರಿ ಮ್ಯಾಲ ಹಿಮ್ಮಡಕ್ಕ ಬೆರಳು ಹಚ್ಚಿ ನಡಿಯೂದು, ಒಂದ ಕಾಲ ಮ್ಯಾಲ ಹತ್ತು ಎಣಸೂಮಟ ನಿಂದ್ರೂದು. ಇದು ತೋಲ ಹಿಡಿಯಾಕ, ಮೈ ಓಲಾಡದಂಗ. ಬಾಜೂಕ ಹೆಜ್ಜಿ, ಹಿಂದಕ ಹೆಜ್ಜಿ, ನಿಂತಲ್ಲೇ ತಿರಗೂದು. ಇದು ಎಡವಿದಾಗ ಸಾವರಿಸಿಕೊಳ್ಳಾಕ. ಇವೆಲ್ಲಾ ಮುಗದ ಮ್ಯಾಲ ಕಡೀಗೆ ನಡಿಗಿ."

"ಯವ್ವಾ, ಒಂದ ಕಾಲ ಮ್ಯಾಲ ನಿಂದ್ರಾಕ ನಾವೇನು ಕೊಕ್ಕರೆನ?" ಎಂದ ಪಕೀರಪ್ಪ. ಎಲ್ಲಿ ನಾಲ್ಕು ಜನ ಸೇರಿದರೂ ಐದನೆಯ ಮಾತು ಅವನದು.

"ಅಜ್ಜಾ, ಹೊಲದಿಂದ ಬಂದು ಬಾಗಲದಾಗ ಕಾಲು ತೊಳಕೋತೀರಿ. ಒಂದ ಕಾಲಿಲೆ ಇನ್ನೊಂದು ಕಾಲು ತಿಕ್ಕಂಗಿಲ್ಲೇನು? ಆವಾಗ ಎಷ್ಟ ಕಾಲ ಮ್ಯಾಲ ನಿಂತಿರ್ತೀರಿ?"

ಅಜ್ಜಿಯರೆಲ್ಲ ನಕ್ಕರು. ಮಾತು ಖರೇ ಇತ್ತು. ಆ ಸೀಮೆಯಲ್ಲಿ ಎಷ್ಟೇ ಬಡವರ ಮನೆಯಾಗಲಿ, ಬಾಗಿಲ ಬದಿಗೆ ಒಂದು ಕಲ್ಲು, ಕಲ್ಲಿನ ಹತ್ತಿರ ಒಂದು ಕೊಡ, ಕೊಡದ ಮೇಲೆ ಒಂದು ತಂಬಿಗೆ. ಹೊರಗಿನಿಂದ ಬಂದವರು ಕಾಲ ಮೇಲೆ ನೀರು ಸುರಿದುಕೊಂಡು, ಎಡಗಾಲಿನಿಂದ ಬಲಗಾಲು, ಬಲಗಾಲಿನಿಂದ ಎಡಗಾಲು ತಿಕ್ಕಿಯೇ ಹೊಸ್ತಿಲು ದಾಟಬೇಕು. ಕೂತು ತೊಳೆಯುವುದು ಬಾಣಂತಿಯರಿಗೆ, ಕಾಯಿಲೆಯವರಿಗೆ.

ಹೋಗುವ ಮುಂದೆ ಶಾಂಭವಿ ಕರಿಬಸಪ್ಪನ ಕೈಗೆ ದಿನಾ ಮಾಡಿಸಿದ್ದಕ್ಕೆ ಗುರುತು ಹಾಕಲು ನಾಲ್ಕು ಕಾಲಂ ಇದ್ದ ಒಂದು ಕಾಗದ ಕೊಟ್ಟಳು. "ಸರ್, ಒಂದ ಮಾತು. ಬರೇ ನಡಸಿ ಮನಿಗೆ ಕಳಸಬ್ಯಾಡ್ರಿ. ನಡದ್ರ ಮೈಯಾಗ ದಮ್ಮು ಹೆಚ್ಚತೈತಿ ಖರೆ, ಆದ್ರ ಅದೊಂದರಿಂದ ಬೀಳೂದು ತಪ್ಪಂಗಿಲ್ಲ. ತೋಲದ ಕೆಲಸ ಒಂದ ದಿನಾನೂ ಬಿಡಬ್ಯಾಡ್ರಿ."

"ನನಗ ಹೇಳ್ತೀಯೇನವ್ವ? ಸಾವಿರ ಹುಡುಗರನ್ನ ನಿಂದ್ರಸೀನಿ ನಾನು," ಎಂದ ಕರಿಬಸಪ್ಪ. ಆ ಸಾವಿರದಲ್ಲಿ ಒಬ್ಬಳು ಆಗಲೇ ಅಂಗಳದಲ್ಲಿದ್ದಳು. ಅವನು ಅವಳನ್ನು ಬಂದಾಗಲೇ ನೋಡಿದ್ದ, ನೋಡದವನಂತೆ ಇದ್ದ.

ಅವಳು ಊರ ಹೊರಗಿನ ಕೇರಿಯ ಗಾಳೆಮ್ಮ. ಅರವತ್ತನಾಲ್ಕು ವರ್ಷ. ಗಂಡ ಆದೆಪ್ಪ ತೀರಿಹೋದ ಮೇಲೂ ಕೂಲಿ ಮಾಡಿ ಮಗ ಸಿದ್ದಾರ್ಥನನ್ನು ಓದಿಸಿದವಳು. ಮಗನಿಗೆ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ನೌಕರಿ, ದಿನಾ ಬೈಕಿನ ಮೇಲೆ ಹೋಗಿ ಬರುತ್ತಾನೆ. ಸೊಸೆ ವಿಜಯಲಕ್ಷ್ಮಿ "ಇನ್ನ ಸಾಕು, ಮನ್ಯಾಗಿರ್ರಿ" ಎಂದರೂ ಕೇಳದೆ ಗಾಳೆಮ್ಮ ಕಳೆ ಕೀಳಲು, ಶೇಂಗಾ ಬಿಡಿಸಲು ಹೋಗುತ್ತಿದ್ದಳು. ಕೆಲಸವಿಲ್ಲದ ಕೈ ತುರಿಸುತ್ತದೆ ಎನ್ನುವಂಥ ಹೆಂಗಸು.

ಮರುದಿನ ಕರಿಬಸಪ್ಪನೇ ಸೀಟಿ ಊದಿದ. ಕುರ್ಚಿ ಆಯಿತು, ಗೆರೆ ಆಯಿತು. ಆಮೇಲೆ "ಬಲಗಾಲು ಎತ್ರಿ" ಎಂದ. ಹದಿಮೂರು ಜನ ಕುರ್ಚಿಯ ಬೆನ್ನು ಹಿಡಿದು ಕಾಲೆತ್ತಿದರು. ಗಾಳೆಮ್ಮ ಮಾತ್ರ ಕುರ್ಚಿ ಬಿಟ್ಟು ಬಾವುಟದ ಕಟ್ಟೆಯ ಹತ್ತಿರ ಹೋಗಿ, ಏನನ್ನೂ ಹಿಡಿಯದೆ, ಕಾಲೆತ್ತಿ ನಿಂತಳು. ಕಣ್ಣು ನೇರ ಮಾಸ್ತರನ ಮುಖದ ಮೇಲೆ.

ಅವನ ಎಣಿಕೆ ನಾಲ್ಕಕ್ಕೆ ತಡವರಿಸಿತು. ಐದು ಎಂದ. ಆರು ಎನ್ನುವಷ್ಟರಲ್ಲಿ ಉಳಿದವರೆಲ್ಲ ಕಾಲಿಳಿಸಿದ್ದರು. ಎಂಟಕ್ಕೆ ಗಾಳೆಮ್ಮ ಓಲಾಡಿ ಕಟ್ಟೆ ಹಿಡಿದಳು.

"ಇವತ್ತ ಎಂಟ ಆತು ಮಾಸ್ತರ. ನಾಳೆ ಹತ್ತು ನಿಂದ್ರತೀನಿ, ನೀವ ನೋಡ್ರಿ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕರಿಬಸಪ್ಪನಿಗೆ ಆ ಮಾತು ಸೂಜಿಯ ಹಾಗೆ ಚುಚ್ಚಿತು. ಅವಳು ಮರೆತಿಲ್ಲ ಎಂದುಕೊಂಡ. ಐವತ್ತೆರಡು ವರ್ಷದ ಮೇಲೆ, ಹದಿಮೂರು ಜನರ ಎದುರಿಗೆ, ತನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡ. ಪೀಪಿ ಎಂದು ಸೀಟಿ ಊದಿ ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟ.

ಐವತ್ತೆರಡು ವರ್ಷದ ಹಿಂದೆ ಇದು ಇನ್ನೂ ರಾಯಚೂರು ಜಿಲ್ಲೆ. ಕರಿಬಸಪ್ಪನಿಗೆ ಇಪ್ಪತ್ತನಾಲ್ಕು. ಧಾರವಾಡದ ಕಡೆ ಡ್ರಿಲ್ ಕಲಿತು ಬಂದವನು, ಊರಿಗೆ ಲೇಜಿಮ್ ಕುಣಿತ ತಂದವನು. ಆಗಸ್ಟ್ ಹದಿನೈದರ ತಾಲೀಮಿಗೆ ಎರಡು ಸಾಲು ಮಾಡಿ, ಎತ್ತರ ನೋಡಿ ಹುಡುಗಿಯರನ್ನು ಜೋಡಿ ಜೋಡಿ ನಿಲ್ಲಿಸಿದ್ದ. ಮುಂದಿನ ಜೋಡಿಯಲ್ಲಿ ಒಂದು ಕಡೆ ಊರಗೌಡರ ಮಗಳು, ಇನ್ನೊಂದು ಕಡೆ ಆರನೆಯ ಇಯತ್ತೆಯ ಗಾಳೆಮ್ಮ. ಇಡೀ ಶಾಲೆಯಲ್ಲಿ ಅವಳಷ್ಟು ಚೊಕ್ಕ ಹೆಜ್ಜೆ ಯಾರದೂ ಇರಲಿಲ್ಲ. ಗೌಡರ ಮಗಳು ಲೇಜಿಮ್ ನೆಲಕ್ಕೆ ಹಾಕಿ, "ನಾ ಆಕಿ ಬಾಜೂಕ ನಿಂದ್ರಂಗಿಲ್ಲ" ಎಂದಳು. ಲೇಜಿಮ್‌ಗಳನ್ನು ಕೊಡಿಸಿದವರೇ ಅವಳ ಅಪ್ಪ, ಬಾವುಟ ಹಾರಿಸುವವರೂ ಅವರೇ.

ಏನು ಮಾಡಬೇಕಿತ್ತು ಎಂಬುದು ಕರಿಬಸಪ್ಪನಿಗೆ ಆಗಲೂ ಗೊತ್ತಿತ್ತು. ಆದರೂ ಅವನು ಗೌಡರ ಮಗಳಿಗೆ ಏನೂ ಅನ್ನದೆ ಗಾಳೆಮ್ಮನ ಕಡೆ ತಿರುಗಿ, "ನಿನ್ನ ಹೆಜ್ಜಿ ತಪ್ಪಾಕತ್ತೈತಿ. ಹೊರಗ ಬಾ. ಕಟ್ಟಿ ಹತ್ರ ಒಂದ ಕಾಲ ಮ್ಯಾಲ ನಿಂದ್ರು. ನಾ ಹೇಳೂಮಟ ಇಳಸಬ್ಯಾಡ" ಎಂದ. ಅವಳ ಹೆಜ್ಜೆ ತಪ್ಪಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಬರೆ ಹಾಕಿದ ಕೈ ಇವನದೇ. ಅಷ್ಟರಲ್ಲಿ ಗೌಡರ ಆಳು ಬಂದು ಚಹಾಕ್ಕೆ ಕರೆದ. ಚಹಾ ಕುಡಿದು, ಅಲ್ಲಿಂದಲೇ ಬಣ್ಣದ ಕಾಗದ ತರಲು ಕುಕನೂರಿನ ಬಸ್ಸು ಹತ್ತಿದ. ಇಳಿಸು ಎನ್ನುವ ಮಾತು ನೆನಪಾದದ್ದು ಬಸ್ಸಿನಲ್ಲಿ, ಅರ್ಧ ದಾರಿಯಲ್ಲಿ. ಈಗಾಗಲೇ ಮನೆಗೆ ಹೋಗಿರುತ್ತಾಳೆ ಬಿಡು ಎಂದು ತನಗೆ ತಾನೇ ಹೇಳಿಕೊಂಡ. ಗಾಳೆಮ್ಮ ಮರುದಿನ ಶಾಲೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಯಾಕೆ ಎಂದು ಇವನು ಕೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಹುಡುಗರನ್ನು ಬೈದ, ಬೆತ್ತದಿಂದಲೂ ಹೊಡೆದ, ಒಂಟಿ ಕಾಲಲ್ಲಿ ಮಾತ್ರ ಮತ್ತೆ ಯಾರನ್ನೂ ನಿಲ್ಲಿಸಲಿಲ್ಲ. ಅದನ್ನೇ ತನ್ನ ಪ್ರಾಯಶ್ಚಿತ್ತ ಎಂದುಕೊಂಡಿದ್ದ. ಎಷ್ಟು ಅಗ್ಗದ ಪ್ರಾಯಶ್ಚಿತ್ತ!

ವ್ಯಾಯಾಮದ ಮೂರನೆಯ ದಿನ ಅವನು ಕಾಲೆತ್ತುವುದನ್ನು ಬಿಟ್ಟೇಬಿಟ್ಟ. ಗೆರೆಯ ಮೇಲೆ ನಡೆಯುವುದೂ ಅದರ ಹಿಂದೆಯೇ ಹೋಯಿತು, ಏಕೆಂದರೆ ಒಂದು ಮಾಡಿಸಿ ಇನ್ನೊಂದು ಬಿಟ್ಟರೆ ಯಾರಾದರೂ ಕೇಳುತ್ತಾರೆ. ನೆಪಕ್ಕೆ ಪಕೀರಪ್ಪನ ಕೊಕ್ಕರೆಯ ಚೇಷ್ಟೆ ಇತ್ತು. "ಒಂದ ಕಾಲ ಮ್ಯಾಲ ನಿಂದ್ರೂದು ಸಾಲ್ಯಾಗಿನ ಶಿಕ್ಷಾ. ಹಿರಿಯಾರಿಗೆ ಅದು ಮರ್ಯಾದಿ ಅಲ್ಲ. ನಾವು ನಡಿಯೋಣು" ಎಂದು ಸಾರಿದ. ಹಿರಿಯರಿಗೂ ಅದೇ ಬೇಕಾಗಿತ್ತು, ಮಾತಾಡುತ್ತ ನಡೆಯುವುದು ಯಾರಿಗೆ ಬೇಡ?

ನಡೆಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಅಂಗಳದಿಂದ ಹೊರಟು, ಕೆರೆಯ ಏರಿ ಹಿಡಿದು, ಬನ್ನಿಗಿಡ ಸುತ್ತಿ ಬರುವುದು ಒಂದು ಸುತ್ತು. ಮೊದಲ ವಾರ ಎರಡು ಸುತ್ತು, ತಿಂಗಳು ತುಂಬುವುದರೊಳಗೆ ಐದು. ಸೀಟಿಗೆ ತಕ್ಕಂತೆ ಹೆಜ್ಜೆ. ಹೊಲಕ್ಕೆ ಹೋಗುವವರು ನಿಂತು ನೋಡುತ್ತಿದ್ದರು. "ಮಾಸ್ತರ ಮುದುಕರನ್ನ ಹುಡುಗರ ಮಾಡ್ಯಾರ" ಎಂಬ ಮಾತು ಅವನ ಕಿವಿಗೂ ಬಿತ್ತು, ಬಿದ್ದದ್ದು ಅಲ್ಲೇ ಉಳಿಯಿತು.

ಶಾಂಭವಿಗೆ ಕುಷ್ಟಗಿ ಕಡೆಯ ಊರುಗಳನ್ನೂ ಹಚ್ಚಿದ್ದರಿಂದ ಅವಳು ಬರುವುದು ನಿಂತಿತು. ಪ್ರತಿ ಶನಿವಾರ ಆ ಕಾಗದದ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸಿದರೆ ಸಾಕು ಎಂದಿದ್ದಳು. ಕರಿಬಸಪ್ಪ ನಾಲ್ಕೂ ಕಾಲಮ್ಮಿಗೆ ಸರಿ ಗುರುತು ಹಾಕಿ ಕಳಿಸಿದ. ಮೊದಲ ಸಲ ಕೈ ಸ್ವಲ್ಪ ತಡೆಯಿತು. ಎರಡನೆಯ ಸಲ ತಡೆಯಲಿಲ್ಲ. "ಸೂಪರ್ ಸರ್" ಎಂದು ಆ ಕಡೆಯಿಂದ ಬರುತ್ತಿತ್ತು.

ಒಂದು ದಿನ ಏರಿಯ ಮೇಲೆ ಗಾಳೆಮ್ಮ ಹಿಂದೆ ಬಿದ್ದು, ಅವನ ಜೊತೆಗೆ ಹೆಜ್ಜೆ ಹಾಕಿದಳು.

"ಮಾಸ್ತರ, ಆ ಕಾಲು ಎತ್ತೂದು ಯಾಕ ಬಿಟ್ರಿ?"

"ಅದು ಬ್ಯಾಡವ್ವ. ನಿನ್ನಂಥ ವಯಸ್ಸಾದವ್ರಿಗೆ ಅಲ್ಲ ಅದು. ನಡದ್ರ ಸಾಕು."

"ನನಗ ಬರತಿತ್ತಲ್ರಿ."

"ಬ್ಯಾಡಂದ್ನಲ್ಲ," ಎಂದ ಕರಿಬಸಪ್ಪ. ದನಿ ಹಳೆಯ ಮಾಸ್ತರನದೇ ಆಗಿತ್ತು. ಗಾಳೆಮ್ಮ ಹೂಂ ಎಂದು ಮುಂದೆ ಹೋದಳು.

ಡಿಸೆಂಬರಿನ ಒಂದು ಬೆಳಗ್ಗೆ ಅವನು ಏಳು ಸುತ್ತು ನಡೆಸಿದ. ಹಿಂದಿನ ದಿನವೇ ಪಕ್ಕದ ಊರಿನವರು ಆರು ಮಾಡಿದರೆಂದು ಯಾರೋ ಹೇಳಿದ್ದರು, ಅದಕ್ಕೆ. ಎಲ್ಲರೂ ತೊಡೆ ಹಿಡಿದುಕೊಂಡು ನಗುತ್ತ ಮನೆಗೆ ಹೋದರು. ಗಾಳೆಮ್ಮ ಮನೆ ಮುಟ್ಟಿ, ಬಾಗಿಲ ಕಲ್ಲಿನ ಮೇಲೆ ನಿಂತು, ತಂಬಿಗೆಯಿಂದ ನೀರು ಸುರಿದುಕೊಂಡು, ಎಡಗಾಲೆತ್ತಿ ಬಲಗಾಲು ತಿಕ್ಕುವಾಗ ತೋಲ ತಪ್ಪಿತು. ದಣಿದ ತೊಡೆ ತಡೆಯಲಿಲ್ಲ. ಸೊಸೆ ಒಳಗಿನಿಂದ ಓಡಿ ಬರುವಷ್ಟರಲ್ಲಿ ಸೊಂಟ ಕಲ್ಲಿಗೆ ಬಡಿದಿತ್ತು. ಊರಿನ ಉಮರಸಾಬನ ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಕೊಪ್ಪಳಕ್ಕೆ ಒಯ್ದರು. ಮುನಿರಾಬಾದಿನಿಂದ ಸಿದ್ದಾರ್ಥ ಅಲ್ಲಿಗೇ ಓಡಿ ಬಂದ. ತೊಡೆಯೆಲುಬು ಸೊಂಟದ ಕೀಲಿನ ಹತ್ತಿರ ಮುರಿದಿದೆ, ಆಪರೇಷನ್ ಆಗಬೇಕು ಎಂದರು.

ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಹೇಳುತ್ತದೆ. ಗಾದೆಗೆ ಏನು ಗೊತ್ತು! ಇಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು.

ಆಪರೇಷನ್ ಆದ ಐದನೆಯ ದಿನ ಕರಿಬಸಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಹೋದ. ಬಸ್ಸಿನಲ್ಲಿ ಏನೇನು ಹೇಳಬೇಕೆಂದು ಎರಡು ಸಲ ಹೇಳಿಕೊಂಡಿದ್ದ. ವಾರ್ಡಿನಲ್ಲಿ ಗಾಳೆಮ್ಮ ಗೋಡೆಯ ಕಡೆಯ ಮಂಚದಲ್ಲಿ ಮಲಗಿದ್ದಳು. ಶಾಂಭವಿಯೂ ಅಲ್ಲೇ ಇದ್ದಳು, ಸುದ್ದಿ ಕೇಳಿ ಬಂದಿದ್ದಳು.

"ಹೆಜ್ಜಿ ತಪ್ಪಿತ್ರಿ ಮಾಸ್ತರ," ಎಂದಳು ಗಾಳೆಮ್ಮ, ಅವನೇನೋ ಅದಕ್ಕಾಗಿ ಬೈಯಲು ಬಂದಿದ್ದಾನೆ ಎನ್ನುವ ಹಾಗೆ.

ಕರಿಬಸಪ್ಪ ಬಾಳೆಹಣ್ಣನ್ನು ಮಂಚದ ಬದಿಗಿಟ್ಟ. ನಿನ್ನ ಹೆಜ್ಜೆ ಆವತ್ತೂ ತಪ್ಪಿರಲಿಲ್ಲ, ಇವತ್ತೂ ತಪ್ಪಲಿಲ್ಲ ಎನ್ನಬೇಕಿತ್ತು. "ನೋವು ಹೆಂಗೈತಿ?" ಎಂದ.

ಹೊರಗೆ ಬಂದಾಗ ಶಾಂಭವಿ ಹಿಂದೆಯೇ ಬಂದಳು. ಹುಡುಗಿಯ ಮುಖ ಸಣ್ಣದಾಗಿತ್ತು. "ಸರ್, ಎರಡ ತಿಂಗಳು ದಿನಾ ತೋಲದ ಕೆಲಸ ಮಾಡ್ಯಾರ. ನಿಮ್ಮ ಶೀಟ್ ಎಲ್ಲಾ ಮತ್ತ ನೋಡಿದೆ, ಒಂದ ದಿನಾನೂ ತಪ್ಪಿಲ್ಲ. ಆದ್ರೂ ಹಿಂಗಾತು. ನಾನ ಏನೋ ತಪ್ಪ ಹೇಳಿಕೊಟ್ಟೀನೇನೋ ಅನಸಾಕತ್ತೈತಿ," ಎಂದಳು.

ಆಗಲಾದರೂ ಹೇಳಬಹುದಿತ್ತು. ಕರಿಬಸಪ್ಪ ಬಸ್ಸಿಗೆ ಹೊತ್ತಾಯಿತು ಎಂದ.

ಮನೆಯಲ್ಲಿ ವಿರೂಪಾಕ್ಷಮ್ಮ ಅವನ ಮುಖ ನೋಡಿಯೇ ತಿಳಿದಳು. ಅವಳಿಗೆ ಹಳೆಯ ಕತೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನೇ ಹೇಳಿದ್ದ. ಕಾಗದದ ಸರಿ ಗುರುತುಗಳೂ ಗೊತ್ತಿದ್ದವು, ಅಡಿಗೆ ಮನೆಯ ಬಾಗಿಲಲ್ಲಿ ಕೂತು ಹಾಕುತ್ತಿದ್ದನಲ್ಲ.

"ಬಾಳಿಹಣ್ಣು ಕೊಟ್ಟು ಬಂದ್ರಿ. ಹೇಳೂ ಮಾತು ಹಂಗಽ ವಾಪಸ್ ತಂದ್ರಿ. ಹೌದಿಲ್ಲೋ?"

"ಹೆಂಗ ಹೇಳಲಿ? ಆಕಿ ಮಲಗ್ಯಾಳ."

"ಆಕಿ ನಿಂತಾಗರ ಎಲ್ಲಿ ಹೇಳಿದ್ರಿ?" ಎಂದು ಅವಳು ಒಳಗೆ ಹೋದಳು. ಆ ರಾತ್ರಿ ಅವನಿಗೆ ರೊಟ್ಟಿ ಸೇರಲಿಲ್ಲ.

ಮೊದಲು ಶಾಂಭವಿಗೆ ಫೋನು ಮಾಡಿದ, ಅದಕ್ಕೂ ವಾರ ಬೇಕಾಯಿತು. ಎಲ್ಲ ಹೇಳಿದ. ಆಮೇಲೆ ಅವಳು, "ಮಾಡಸಿದ್ರೂ ಬೀಳತಿದ್ರೋ ಏನೋ, ಅದನ್ನ ಯಾರೂ ಹೇಳಾಕ ಆಗಂಗಿಲ್ರಿ. ಆದ್ರ ಮಾಡಸಲಿಲ್ಲ ಅನ್ನೂದು ನಿಮಗ ಗೊತ್ತಿತ್ತಲ್ಲ ಸರ್. ನಾ ಇಷ್ಟ ದಿನ ನಿದ್ದಿ ಮಾಡಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಅವಳು ಬೈಯಲಿಲ್ಲ.

ಫೆಬ್ರವರಿಯ ಹೊತ್ತಿಗೆ ಗಾಳೆಮ್ಮ ಮನೆಯಲ್ಲಿ ವಾಕರ್ ಹಿಡಿದು ಓಡಾಡುತ್ತಿದ್ದಾಳೆ ಎಂದು ಕೇಳಿ ಕರಿಬಸಪ್ಪ ಕೇರಿಗೆ ಹೋದ. ಐವತ್ತೆರಡು ವರ್ಷ ಆ ಊರಿನ ಅನ್ನ ಉಂಡವನು ಕೇರಿಯೊಳಗೆ ಕಾಲಿಟ್ಟದ್ದು ಮತದಾರರ ಪಟ್ಟಿ ಮಾಡುವಾಗ ಎರಡು ಸಲ, ಅದೂ ಬಾಗಿಲ ಹೊರಗೆ ನಿಂತು. ಅವಳ ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ಬಾಗಿಲಲ್ಲಿ ಕಲ್ಲು ಇತ್ತು, ಕೊಡ ಇತ್ತು. ಕಲ್ಲಿನ ಪಕ್ಕಕ್ಕೆ ಗೋಡೆಗೆ ಹೊಸದಾಗಿ ಒಂದು ಕಬ್ಬಿಣದ ಪೈಪು ಜಡಿದಿದ್ದರು. ಸಿದ್ದಾರ್ಥ ಹಾಕಿಸಿದ್ದಂತೆ. ಊರು ಕೊಳ್ಳೆ ಹೋದ ಮೇಲೆ ಹಾಕಿದ ಕೋಟೆ ಬಾಗಿಲು ಅದು, ಆದರೆ ಅದನ್ನು ಹಾಕಿದವನ ತಪ್ಪೇನೂ ಇರಲಿಲ್ಲ. ಕರಿಬಸಪ್ಪ ಆ ಪೈಪು ಹಿಡಿದೇ ಕಾಲು ತೊಳೆದು ಒಳಗೆ ಹೋದ.

ಗಾಳೆಮ್ಮ ಗಾಬರಿಯಾದಳು. "ಯವ್ವಾ, ಮಾಸ್ತರ ಬಂದಾರ!" ಎಂದು ಸೊಸೆಯನ್ನು ಕರೆದು ಕುರ್ಚಿ ಹಾಕಿಸಿದಳು. ವಿಜಯಲಕ್ಷ್ಮಿ ಚಹಾ ತರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಳು. "ಚಹಾ ಕೊಡವ್ವ" ಎಂದು ಅವನೇ ಕೇಳಿ ಇಸಿದುಕೊಂಡು ಕುಡಿದ. ಲೋಟ ಕೆಳಗಿಟ್ಟು ಹೇಳತೊಡಗಿದ. ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಜೋಡಿಸಿದ ಮಾತು ಯಾವುದೂ ಬರಲಿಲ್ಲ, ಮುರುಕು ಮುರುಕಾಗಿ ಬಂತು.

"ಗಾಳವ್ವ, ಆವತ್ತ ನಿನ್ನ ಹೆಜ್ಜಿ ತಪ್ಪಿರಲಿಲ್ಲ. ನಾ ಸುಳ್ಳ ಹೇಳಿದ್ದೆ."

"ಗೊತ್ರಿ."

"ಗೊತ್ತೇನು?"

"ನನ್ನ ಹೆಜ್ಜಿ ನನಗ ಗೊತ್ತಿರಂಗಿಲ್ಲೇನ್ರಿ? ಆವತ್ತ ಗೊತ್ತಿತ್ತು."

ಅವಳೇ ಮುಂದುವರಿಸಿದಳು. "ಅದಕ್ಕ ನಾ ಸಾಲಿ ಬಿಡಲಿಲ್ರಿ. ನೀವು ಇಳಸು ಅನ್ನಲಿಲ್ಲ. ಗಂಟಿ ಹೊಡದ್ರು, ಎಲ್ಲಾರೂ ಮನಿಗೆ ಹೋದ್ರು. ನಾ ಕಾಲು ಬದಲಿಸಿ ಬದಲಿಸಿ ನಿಂತೆ. ಬಿಸಲು ಅಂದ್ರ ಬಿಸಲು. ಸಂಜೀಕ ನಮ್ಮಪ್ಪ ಕೂಲಿ ಮುಗಿಸಿ ಆ ಹಾದಿಲೆ ಬಂದು ನೋಡಿ, ಎತ್ತಿಕೊಂಡು ಹೋದ. ನಿಂದ್ರಿಸಿ ಮರತ ಹೋಗೂ ಸಾಲಿ ಬ್ಯಾಡ ಅಂದ. ಅಷ್ಟಽ."

ಕರಿಬಸಪ್ಪ ತಲೆ ತಗ್ಗಿಸಿದ. ಈಗಾಗಲೇ ಮನೆಗೆ ಹೋಗಿರುತ್ತಾಳೆ ಬಿಡು ಎಂದು ಬಸ್ಸಿನಲ್ಲಿ ಹೇಳಿಕೊಂಡದ್ದು ಅವನಿಗೆ ಮಾತು ಮಾತಾಗಿ ಕೇಳಿಸಿತು.

"ಮೊನ್ನೆ ಅಂಗಳದಾಗ ನೀ ಕಟ್ಟಿ ಹತ್ರ ನಿಂತಿ. ನನ್ನ ನೋಡಕೋತ ನಿಂತಿ. ನನಗ ಅಣಕಸಾಕತ್ತಿ ಅಂತ ತಿಳಕೊಂಡ್ನಿ. ನಿನ್ನ ಮುಖ ನೋಡಾಕಾಗಲಿಲ್ಲ. ಅದಕ್ಕ ಆ ಕೆಲಸಾನಽ ಬಿಟ್ಟೆ. ನೀ ಬಿದ್ದದ್ದು ನನ್ನಿಂದ."

ಗಾಳೆಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ, ಅದಕ್ಕಿಂತ ಕಷ್ಟದ್ದು.

"ಅಣಕಸಾಕೇನ್ರಿ ಮಾಸ್ತರ? ನಾ ನಿಮಗ ತೋರಸಾಕ ನಿಂತಿದ್ನಿ. ನೋಡ್ರಿ, ಇನ್ನೂ ನಿಂದ್ರತೀನಿ ಅಂತ. ಇಡೀ ಊರಾಗ ನನ್ನ ಹೆಜ್ಜಿ ಛಲೋ ಐತಿ ಅಂತ ಮೊದಲಿಗೆ ಹೇಳಿದವ್ರು ನೀವಽ ಅಲ್ಲೇನು? ಲೇಜಿಮ್ ಕಲಸುವಾಗ? ಮರುದಿನ ಹತ್ತು ನಿಂದ್ರಬೇಕಂತ ಮನ್ಯಾಗ ಗ್ವಾಡಿ ಹಿಡದು ಕಲತ ಬಂದಿದ್ದೆ. ನೀವು ಬ್ಯಾಡಂದ್ರಿ. ಬ್ಯಾಡಂದಮ್ಯಾಲ ಮನ್ಯಾಗೂ ಬಿಟ್ಟೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡ ಸಲ ಸಾಲಿನ್ಯಾಗಿಂದ ತಗದ್ರಿ ನನ್ನ."

ಕರಿಬಸಪ್ಪನಿಗೆ ಅಳು ಬಂತು. ಎಪ್ಪತ್ತಾರು ವರ್ಷದ ಗಂಡಸು ಆ ಕುರ್ಚಿಯಲ್ಲಿ ಕೂತು ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯಲಿ ಎಂದು ಕಾದಳು, ಅಷ್ಟೇ.

"ನಾ ಏನ ಮಾಡಲವ್ವ ಈಗ?"

"ನನಗೇನೂ ಮಾಡಾಕ ಬರಂಗಿಲ್ರಿ. ಈ ಕಾಲು ಮೊದಲಿನಂಗ ಬರಂಗಿಲ್ಲಂತ, ಶಾಂಭವಿ ಮೇಡಂ ಅವ್ರಽ ಹೇಳ್ಯಾರ. ಉಳದವ್ರು ಬೀಳಬಾರದಲ್ಲ. ಆ ಕೆಲಸ ಮತ್ತ ಸುರು ಮಾಡ್ರಿ. ಯಾಕ ಬಿಟ್ಟಿದ್ದೆ ಅನ್ನೂದನ್ನೂ ಹೇಳ್ರಿ. ನಾ ಬಂದು ಕುಂತು ನೋಡ್ತೀನಿ."

ಮಾರ್ಚಿ ತಿಂಗಳ ಮೊದಲ ಮಂಗಳವಾರ. ಶಾಂಭವಿಯ ಬಸ್ಸು ತಡವಾಗಿ, ಎಲ್ಲ ಸೇರುವಷ್ಟರಲ್ಲಿ ಒಂಬತ್ತಾಗಿತ್ತು. ಬಿಸಿಲು ಆಗಲೇ ಅಂಗಳದ ಮುಕ್ಕಾಲು ಭಾಗ ತಿಂದಿತ್ತು. ಸಿದ್ದಾರ್ಥ ರಜೆ ಹಾಕಿ, ತಾಯಿಯನ್ನು ಕರೆದುತಂದು ಬೇವಿನ ನೆರಳಿಗೆ ಕುರ್ಚಿ ಹಾಕಿ ಕೂರಿಸಿದ. ಅವಳು ವಾಕರನ್ನು ಮುಂದೆ ಇಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿದಳು.

ಕರಿಬಸಪ್ಪ ಸೀಟಿ ತಂದಿರಲಿಲ್ಲ. ಎಲ್ಲರ ಎದುರಿಗೆ ನಿಂತು ಆಗಸ್ಟ್ ಹದಿನೈದರ ಲೇಜಿಮ್ಮಿನಿಂದ ಹಿಡಿದು ವಾಟ್ಸಾಪಿನ ಸರಿ ಗುರುತಿನವರೆಗೆ ಹೇಳಿದ. ಗೌಡರ ಮನೆಯ ಚಹಾವನ್ನೂ ಬಿಡಲಿಲ್ಲ. ವಿರೂಪಾಕ್ಷಮ್ಮ ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದಳು.

"ಇವತ್ತ ಮೊದಲು ನಾ ನಿಂದ್ರತೀನಿ. ಗಾಳವ್ವ, ನೀನ ಎಣಸು," ಎಂದು ಬಾವುಟದ ಕಟ್ಟೆಯ ಹತ್ತಿರ, ಬಿಸಿಲಿಗೆ ಹೋದ. ಶಾಂಭವಿ ಕೈಗೆ ಸಿಗುವಷ್ಟು ದೂರದಲ್ಲಿ ನಿಂತಳು. ಅವನು ಬಲಗಾಲೆತ್ತಿದ.

"ಒಂದು," ಎಂದಳು ಗಾಳೆಮ್ಮ.

ಅವಳ ಎಣಿಕೆಗೆ ಅವಸರವಿರಲಿಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಎಣಿಸುವವರಿಗೆ ತಿಳಿಯುವುದಿಲ್ಲ, ನಿಂತವರಿಗೆ ತಿಳಿಯುತ್ತದೆ. ಐದಕ್ಕೆ ಅವನ ಮೀನಖಂಡ ನಡುಗಿತು. ಏಳಕ್ಕೆ ಕೈ ಗಾಳಿಯಲ್ಲಿ ಆಸರೆ ಹುಡುಕಿತು, ಆದರೂ ಅವನು ಕಟ್ಟೆ ಹಿಡಿಯಲಿಲ್ಲ. ನೆತ್ತಿ ಸುಡುತ್ತಿತ್ತು. ಒಂಬತ್ತು. ಹತ್ತು.

ಹತ್ತಾದ ಮೇಲೆ ಅವಳು ಸುಮ್ಮನಾದಳು. ಕಾಗದದ ಪ್ರಕಾರ ಅಷ್ಟೇ, ಕಾಲಿಳಿಸಬಹುದಿತ್ತು. ಅವನು ಇಳಿಸಲಿಲ್ಲ, ಅವಳ ಬಾಯಿ ನೋಡುತ್ತ ನಿಂತ. ಕಾಲು ಥರಥರ ನಡುಗಿತು. ಶಾಂಭವಿ ಒಂದು ಹೆಜ್ಜೆ ಹತ್ತಿರ ಬಂದಳು. ಇಳಿಸು ಎನ್ನುವ ಒಂದು ಮಾತಿಗೆ ಹನ್ನೆರಡು ವರ್ಷದ ಹುಡುಗಿ ಸಂಜೆಯವರೆಗೆ ಹೇಗೆ ಕಾದಿರಬೇಕು ಎಂಬುದು ಅವನಿಗೆ ಆಗ ಗೊತ್ತಾಯಿತು.

"ಇಳಸ್ರಿ ಮಾಸ್ತರ," ಎಂದಳು ಗಾಳೆಮ್ಮ. "ಕಾಲು ಇಳಸ್ರಿ. ಬಿಸಲು ಭಾಳ ಐತಿ."